ಕೊನೆಪುಟದವಳು

ಸೇಲ್ ಶುರುವಾಗುವ ಬೆಳಿಗ್ಗೆ ನಮ್ಮೂರಿನಲ್ಲಿ ಯಾರೂ ಹಾರುವುದಿಲ್ಲ. ಆರು ತಿಂಗಳು ಸೂರಿನಿಂದ ಸೂರಿಗೆ ನೆಗೆದಾಡಿಕೊಂಡಿದ್ದವರು ಅವತ್ತು ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾರೆ. ಒಂದೇ ಕೈಯಲ್ಲಿ ಗ್ಯಾಸ್ ಸಿಲಿಂಡರ್ ಎತ್ತುತ್ತಿದ್ದ ಹೆಂಗಸರು ಅದನ್ನು ಬೀದಿಯುದ್ದ ಉರುಳಿಸಿಕೊಂಡು ಹೋಗುತ್ತಾರೆ. ಗೋಡೆಯಾಚೆಗೂ ಕಣ್ಣು ಹಾಯಿಸುತ್ತಿದ್ದ ಪೋಸ್ಟ್‌ಮ್ಯಾನ್, ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ತಿಳಿಯದೆ ಬಾಗಿಲು ಬಡಿದು ಕಾಯುತ್ತಾನೆ. ಹಿಂದಿನ ಸೇಲ್‌ನಲ್ಲಿ ಓದಿದ್ದು ಮೈಯಿಂದ ಇಳಿದುಹೋಗಿರುತ್ತದೆ, ಹೊಸದು ಇನ್ನೂ ಹತ್ತಿರುವುದಿಲ್ಲ. ಊರಿಗೆ ಊರೇ ಮೊಬೈಲು ಹಿಡಿದುಕೊಂಡು, ಹತ್ತು ಗಂಟೆ ಯಾವಾಗ ಆಗುತ್ತದೋ ಎಂದು ಜಗಲಿಯ ಮೇಲೆ ಕೂತಿರುತ್ತದೆ.

ಆ ಮುಖಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹನ್ನೊಂದು ವರ್ಷದಿಂದ ಉರಿಯುತ್ತಲೇ ಇದೆ. ನಾನು ಈ ಊರಿನ ಕೊನೆಪುಟದವಳು. ಹೆಸರು ವನಮಾಲ, ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ, ಆದರೆ ಹೆಸರು ಹಿಡಿದು ಕರೆಯುವವರು ಕಡಿಮೆ. ಮದುವೆಮನೆಗೆ ಹೋದರೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ, 'ಕೊನೆಪುಟದ ಅಕ್ಕ ಬಂದ್ರು, ಕಾಫಿ ಕೊಡ್ರೋ' ಅನ್ನುತ್ತಾರೆ.

ನಮ್ಮೂರಿನಲ್ಲಿ ಸೂಪರ್‌ಹೀರೋ ಕಾಮಿಕ್ಸ್ ಸಂಪುಟವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರಿಗೆ ಆ ಹೀರೋಗೆ ಇದ್ದದ್ದು ಬರುತ್ತದೆ. ಮುಂದಿನ ಸೇಲ್‌ವರೆಗೆ ಇರುತ್ತದೆ. ಹೀರೋ ಕೊನೆಯಲ್ಲಿ ಏನನ್ನಾದರೂ ಕಳೆದುಕೊಂಡಿದ್ದರೆ, ಕೊನೆಯ ಪುಟ ಮುಟ್ಟಿದ ಕ್ಷಣವೇ ಓದಿದವರೂ ಅದನ್ನು ಕಳೆದುಕೊಳ್ಳುತ್ತಾರೆ. ಬಂದದ್ದು ಆರು ತಿಂಗಳಿಗೆ ಹೋಗುತ್ತದೆ, ಹೋದದ್ದು ಮಾತ್ರ ವಾಪಸು ಬರುವುದಿಲ್ಲ. ಕೊನೆ ಏನೆಂದು ಮೊದಲೇ ತಿಳಿದುಕೊಂಡವರಿಗೆ ಆ ಕಥೆಯಿಂದ ಏನೂ ಬರುವುದೂ ಇಲ್ಲ, ಏನೂ ಹೋಗುವುದೂ ಇಲ್ಲ. ಆದ್ದರಿಂದಲೇ ಊರಿಗೊಬ್ಬರು ಕೊನೆಪುಟದವರು ಬೇಕು. ಸೇಲ್‌ಗೆ ಎರಡು ವಾರ ಮುಂಚೆ ಪಟ್ಟಿ ಬಂದ ಕೂಡಲೇ ಪುರಸಭೆಯವರು ಪಟ್ಟಿಯಲ್ಲಿರುವ ಎಲ್ಲ ಸಂಪುಟಗಳ ಒಂದೊಂದು ಪ್ರತಿಯನ್ನು ಒಂದು ಟ್ಯಾಬ್‌ನಲ್ಲಿ ಹಾಕಿ ನನ್ನ ಮನೆಗೆ ಕಳಿಸುತ್ತಾರೆ. ನಾನು ಹಿಂದಿನಿಂದ ಮುಂದಕ್ಕೆ ಓದುತ್ತೇನೆ. ಓದಿ, ಬಾಗಿಲಿಗೆ ಬಂದು ಕೇಳಿದವರಿಗೆ ಎರಡರಲ್ಲಿ ಒಂದು ಮಾತು ಹೇಳುತ್ತೇನೆ: 'ತಗೋ', ಇಲ್ಲವೇ 'ಬೇಡ'. ಮೂರನೆಯ ಮಾತು ಆಡುವಂತಿಲ್ಲ. ಒಂದು ಕಥೆಯ ಕೊನೆ ಹೇಳಿದ ಬಾಯಿ ಎಲ್ಲ ಕಥೆಗಳ ಕೊನೆ ಹೇಳೀತು ಎಂದು ಊರಿಗೆ ಭಯ. ನನಗಿಂತ ಮುಂಚೆ ಈ ಕೆಲಸ ಮಾಡುತ್ತಿದ್ದ ರಂಗನಾಯಕಿಯಮ್ಮ ಸ್ವಂತ ತಮ್ಮನಿಗೆ ಒಂದೇ ಒಂದು ಕೊನೆ ಹೇಳಿದ್ದಕ್ಕೆ, ಸಾಯುವವರೆಗೂ ಅವರ ಮನೆಗೆ ಯಾರೂ ಹಾಲು ಹಾಕಲಿಲ್ಲ.

ಸೇಲ್‌ನಲ್ಲಿ ಒಳ್ಳೆಯ ಸಂಪುಟ ಆರಿಸುವುದು ಸಂತೆಯಲ್ಲಿ ಬದನೆಕಾಯಿ ಆರಿಸಿದಷ್ಟು ಸುಲಭವಲ್ಲ. ಮುಖಪುಟದ ಮೇಲೆ 'ಸಂಪೂರ್ಣ' ಎಂದು ಬಂಗಾರದ ಅಕ್ಷರದಲ್ಲಿ ಬರೆದಿರುತ್ತಾರೆ, ಒಳಗೆ ನೋಡಿದರೆ ಮೊದಲಿನ ಆರು ಸಂಚಿಕೆ ಮಾತ್ರ. ಕಳೆದ ವರ್ಷ ಇನ್ನೊಂದು ಹೆಸರಿನಲ್ಲಿ ಕೊಂಡ ಕಥೆಯನ್ನೇ ಹೊಸ ಬಟ್ಟೆ ಹಾಕಿ ಮತ್ತೆ ತಂದಿರುತ್ತಾರೆ. ಮೂವರು ಬರೆದು, ನಾಲ್ವರು ಚಿತ್ರ ಬಿಡಿಸಿ, ಮಧ್ಯದಲ್ಲಿ ಹೀರೋನ ಹೆಂಡತಿಯ ಹೆಸರೇ ಬದಲಾಗಿರುತ್ತದೆ. ದಪ್ಪ ಇದ್ದದ್ದೆಲ್ಲ ಒಳ್ಳೆಯದಲ್ಲ. ಒಂದೇ ಕೈ ಬರೆದು, ಶುರುವಾದದ್ದನ್ನು ಮುಗಿಸಿರುವ ತೆಳ್ಳನೆಯ ಸಂಪುಟವೇ ಎಷ್ಟೋ ಸಲ ಮೇಲು, ಆದರೆ ಅಂಥದ್ದಕ್ಕೆ ರಿಯಾಯಿತಿ ಬರೀ ಇಪ್ಪತ್ತು ಪರ್ಸೆಂಟ್ ಇರುತ್ತದೆ, ಹಾಗಾಗಿ ಯಾರೂ ತಿರುಗಿ ನೋಡುವುದಿಲ್ಲ. ನಮ್ಮವರಿಗೆ ತೊಂಬತ್ತು ಪರ್ಸೆಂಟ್ ಎಂದು ಕೆಂಪಕ್ಷರದಲ್ಲಿ ಬರೆದಿದ್ದರೆ ಸಾಕು, ಬುದ್ಧಿ ಬಾಗಿಲ ಹೊರಗೆ ಚಪ್ಪಲಿಯ ಪಕ್ಕದಲ್ಲಿ ಉಳಿಯುತ್ತದೆ.

ಬೇಕರಿ ಪಂಚಾಕ್ಷರಿ ಹಾಗೇ ಕೊಂಡ. ನಾನು 'ಬೇಡ' ಎಂದಿದ್ದೆ. ಅವನ ಸಂಪುಟ ಹೀರೋ ಮೊದಲ ಸಲ ಮೇಲಕ್ಕೇರುವಲ್ಲಿಗೆ ಮುಗಿದಿತ್ತು, ಇಳಿಯುವುದು ಎರಡನೇ ಸಂಪುಟದಲ್ಲಿತ್ತು, ಎರಡನೆಯದಕ್ಕೆ ರಿಯಾಯಿತಿ ಇರಲಿಲ್ಲ. ಆರು ತಿಂಗಳು ನೀರಿನ ಟ್ಯಾಂಕಿನೆತ್ತರದಲ್ಲಿ ಗಾಳಿಯಲ್ಲೇ ನಿಂತಿದ್ದ. ಹೆಂಡತಿ ಉದ್ದನೆಯ ಗಳುವಿಗೆ ಟಿಫಿನ್ ಕ್ಯಾರಿಯರ್ ಕಟ್ಟಿ ಮೇಲಕ್ಕೆ ಚಾಚುತ್ತಿದ್ದಳು. ಊರು ಅದನ್ನು ಹೇಳಿಕೊಂಡು ಈಗಲೂ ನಗುತ್ತದೆ. ಜಯದೇವ ಮೇಷ್ಟ್ರ ವಿಷಯಕ್ಕೆ ಮಾತ್ರ ಯಾರೂ ನಗುವುದಿಲ್ಲ. ಅವರು ಕೊಂಡ ಸಂಪುಟದಿಂದ ಹೊಳೆಯಾಚೆಯ ಪಿಸುಮಾತೂ ಕೇಳಿಸುವ ಕಿವಿ ಬಂತು, ಗಂಟಲಿನ ಸ್ವರ ಹೋಯಿತು. ಅವರಿಗೂ 'ಬೇಡ' ಎಂದಿದ್ದೆ. 'ಯಾಕಮ್ಮಾ?' ಎಂದು ಕೇಳಿದ್ದರು. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಇವತ್ತಿಗೂ ಅವರು ತರಕಾರಿ ಅಂಗಡಿಯಲ್ಲಿ ಸ್ಲೇಟು ಹಿಡಿದು, ಅರ್ಧ ಕೆಜಿ ಬೀನ್ಸ್ ಎಂದು ಬರೆದು ತೋರಿಸುತ್ತಾರೆ.

ಇಷ್ಟೆಲ್ಲ ಪಾಡು ಯಾಕೆ ಎಂದರೆ, ನಮ್ಮೂರಿಗೆ ಬೇರೆ ಏನೂ ಇಲ್ಲ. ಊರ ಪಕ್ಕದ ಹೊಳೆಗೆ ಸೇತುವೆ ಇಲ್ಲ. ಆಸ್ಪತ್ರೆ ಆಚೆ ದಡದಲ್ಲಿದೆ. ಬೆಂಕಿ ಬಿದ್ದರೆ ಆರಿಸುವ ಗಾಡಿ ಇಲ್ಲ, ಉಸಿರಿನಿಂದ ಮಂಜು ಬಿಡುವ ಸಂಪುಟ ಓದಿಕೊಂಡ ದರ್ಜಿ ಲೋಕೇಶ ಇದ್ದಾನೆ. ಪುರಸಭೆಗೆ ಹೋಗಿ ಏನು ಕೇಳಿದರೂ ಅಧ್ಯಕ್ಷ ಷಡಕ್ಷರಪ್ಪನದು ಒಂದೇ ಉತ್ತರ: 'ಓದ್ಕೊಳ್ಳಿ.' ಬೀದಿದೀಪ ಇಲ್ಲವೇ? ಕತ್ತಲಲ್ಲಿ ಕಣ್ಣು ಕಾಣುವಂಥದ್ದು ಓದಿಕೊಳ್ಳಿ. ಚರಂಡಿ ಕಟ್ಟಿಕೊಂಡಿದೆಯೇ? ವಾಸನೆ ತಿಳಿಯದಂಥದ್ದು ಇದೆಯೇನೋ ನೋಡಿ, ಓದಿಕೊಳ್ಳಿ. ಸೇತುವೆಗೆಂದು ಬಂದ ಹಣದಲ್ಲಿ ಆತ ಊರ ಬಾಗಿಲಿಗೆ ಒಂದು ಕಮಾನು ಕಟ್ಟಿಸಿ, ಅದರ ಮೇಲೆ ಎರಡೂ ಕೈ ಮುಗಿದು ನಗುತ್ತಿರುವ ತನ್ನದೇ ಫೋಟೋ ಹಾಕಿಸಿದ್ದಾನೆ.

ಸೇತುವೆಯ ಬದಲು ನಮಗಿದ್ದದ್ದು ಮಂದಾಕಿನಿ. ನನ್ನ ಅಕ್ಕನ ಮಗಳು. ಅಕ್ಕ ಹೋದ ಮೇಲೆ ನನ್ನ ಮನೆಯಲ್ಲೇ ಬೆಳೆದವಳು, ಈಗ ಇಪ್ಪತ್ತಾರು ತುಂಬಿದೆ. ಎರಡು ವರ್ಷದಿಂದ, ಎಂದರೆ ನಾಲ್ಕು ಸೇಲ್‌ನಿಂದ, ಪುರಸಭೆಯ ಲೆಕ್ಕದಲ್ಲಿ ಅವಳು 'ದಾಟಿಸುವವಳು', ಹಂಗಾಮಿ ನೌಕರಿ. ನಾನು ಆರಿಸಿ ಕೊಟ್ಟ ಹಾರುವ ಸಂಪುಟ ಓದಿಕೊಂಡು ಆರಾರು ತಿಂಗಳು ಜನರನ್ನು ಎತ್ತಿಕೊಂಡು ಹೊಳೆ ದಾಟಿಸುತ್ತಿದ್ದಳು. ವಾಚ್ ರಿಪೇರಿಯ ದೊರೆಸ್ವಾಮಿಗೆ ಎರಡೂ ಕಿಡ್ನಿ ಕೆಟ್ಟಿವೆ, ವಾರಕ್ಕೆ ಮೂರು ಸಲ ಡಯಾಲಿಸಿಸ್. ಆ ಮೂರು ಸಲವೂ ಅವನನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಿ, ಕಾದು, ವಾಪಸು ಕರೆತರುತ್ತಿದ್ದಳು. ಅವನಲ್ಲದೆ ಬಸುರಿಯರು, ಜ್ವರದ ಮಕ್ಕಳು, ಬ್ಯಾಂಕಿಗೆ ಹೊರಟವರು, ಆಚೆ ದಡದ ಹೋಟೆಲಿನಲ್ಲಿ ದೋಸೆ ತಿನ್ನಬೇಕು ಅನ್ನಿಸಿದವರು. ಸಂಜೆ ಮನೆಗೆ ಬಂದರೆ ಊಟದ ತಟ್ಟೆ ಎತ್ತಲಾರದಷ್ಟು ಭುಜ ನೋವು. ನಾನು ಎಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದೆ. ಸೇಲ್‌ನ ಮೂರು ದಿನ ಮಾತ್ರ ಹಳೆಯ ದೋಣಿಯನ್ನು ನೀರಿಗಿಳಿಸುತ್ತಿದ್ದರು, ಆ ಮೂರು ದಿನ ಹುಡುಗಿ ಎದ್ದರೆ ಊಟಕ್ಕೆ, ಇಲ್ಲದಿದ್ದರೆ ನಿದ್ದೆ.

ಈ ಸಲದ ಪಟ್ಟಿಯಲ್ಲಿ 'ಗರುಡಬಾಹು ಮಹಾಸಂಪುಟ' ಎಂದು ಒಂದಿತ್ತು. ಎಂಟುನೂರು ಪುಟ. ತೊಂಬತ್ತೆರಡು ಪರ್ಸೆಂಟ್ ರಿಯಾಯಿತಿ, ಇನ್ನೂರು ಪ್ರತಿ ಒಟ್ಟಿಗೆ ಕೊಂಡರೆ ಇನ್ನೂ ಕಡಿಮೆ. ನಾನು ಹಿಂದಿನಿಂದ ತೆರೆದೆ. ಕೊನೆಯ ಹನ್ನೆರಡು ಪುಟಗಳಲ್ಲಿ ಅಣೆಕಟ್ಟು ಒಡೆಯುತ್ತದೆ, ಗರುಡಬಾಹು ಕೆಳಗಿನ ಊರನ್ನು ಉಳಿಸಲು ಎರಡೂ ತೋಳಿನಲ್ಲಿ ಅದನ್ನು ಒತ್ತಿ ಹಿಡಿಯುತ್ತಾನೆ, ಊರು ಉಳಿಯುತ್ತದೆ. ಕೊನೆಯ ಚಿತ್ರದಲ್ಲಿ ಅವನು ಬೆಟ್ಟದ ಮೇಲೆ ಹಾರುತ್ತಿದ್ದಾನೆ, ತೋಳುಗಳಿರಬೇಕಾದ ಕಡೆ ಖಾಲಿ ಅಂಗಿಯ ಕೈ ಗಾಳಿಗೆ ಪಟಪಟ ಅನ್ನುತ್ತಿದೆ. ಚಿತ್ರವೇನೋ ಬಹಳ ಚೆನ್ನಾಗಿದೆ. ನಾನು ಟ್ಯಾಬ್ ಮುಚ್ಚಿ ಒಂದು ಚೀಟಿಯ ಮೇಲೆ 'ಬೇಡ' ಎಂದು ಬರೆದು ಪುರಸಭೆಗೆ ಕಳಿಸಿದೆ.

ಮರುದಿನ ಷಡಕ್ಷರಪ್ಪ ತಾನೇ ಅಂಗಡಿಗೆ ಬಂದ.

"ಏನಕ್ಕಾ ಇದು? ಇಂಥ ರೇಟು ಜನ್ಮದಲ್ಲಿ ಬರಲ್ಲ. ಒಬ್ಬಳು ದಾಟಿಸೋ ಕಡೆ ಇನ್ನೂರು ಜನ ದಾಟಿಸ್ತಾರೆ. ನಿಮ್ಮ ಮಂದಾಗೇ ಅನುಕೂಲ."

"ಬೇಡ."

"ಯಾಕೆ ಬೇಡ?"

"ಬೇಡ ಅಂದ್ರೆ ಬೇಡ."

"ನಿಮಗೆ ಮೊದಲಿಂದಲೂ ನನ್ನ ಕಂಡ್ರಾಗಲ್ಲ, ಅದು ನಂಗೊತ್ತು. ಕಾರಣ ಹೇಳೋ ಹಾಗಿದ್ರೆ ಹೇಳಿ, ಕಿವಿ ಕೊಡ್ತೀನಿ. ಆಗಲ್ವಾ? ಹಾಗಾದ್ರೆ ಬಿಡಿ."

ನಗುತ್ತ ಹೋದ. ನಾನು ಹೇಳಲಾರೆನೆಂದು ಅವನಿಗೆ ಗೊತ್ತು, ಅದಕ್ಕೇ ಆ ನಗು. ಮತ್ತೆರಡು ಚೀಟಿ ಕಳಿಸಿದೆ. ಎರಡನ್ನೂ ಪುರಸಭೆಯ ನೋಟೀಸ್ ಬೋರ್ಡಿಗೆ ಹಚ್ಚಿ, ಕೆಳಗೆ 'ಪರಿಶೀಲಿಸಲಾಗಿದೆ' ಎಂದು ಸೀಲು ಹಾಕಿದರು. ಸೇಲ್ ತೆರೆದ ಹತ್ತನೇ ನಿಮಿಷಕ್ಕೆ ಇನ್ನೂರು ಪ್ರತಿ ಕೊಂಡದ್ದಾಯಿತು. ಮೂರನೇ ದಿನ ಪುರಸಭೆ ಮೈದಾನದಲ್ಲಿ ಸಾಮೂಹಿಕ ಓದು, ಊರಿಗೆಲ್ಲ ಕೇಳುವಂತೆ ಲೌಡ್‌ಸ್ಪೀಕರ್, ಕೊನೆಯಲ್ಲಿ ಪುಳಿಯೋಗರೆ. ಮೊದಲ ಸಾಲಿನ ಮೊದಲ ಕುರ್ಚಿ ಮಂದಾಕಿನಿಗೆ. ಅವಳು ಓದಿ ಎದ್ದ ಮೇಲೆ ಅವಳ ಕೆಲಸ ಖಾಯಂ ಎಂದು ಷಡಕ್ಷರಪ್ಪ ಮೈಕಿನಲ್ಲೇ ಘೋಷಿಸಿಬಿಟ್ಟ.

ಓದಿನ ಹಿಂದಿನ ಸಂಜೆ ನಾನು ಅವಳನ್ನು ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿದೆ. ಅವಳು ಚಪಾತಿ ಹಿಟ್ಟು ನಾದುತ್ತಿದ್ದಳು. ನಾನು ಆ ಕೈಗಳನ್ನೇ ನೋಡಿದೆ.

"ಮಂದಾ, ನಾಳೆ ಅದನ್ನ ಓದ್ಬೇಡ."

"ಖಾಯಂ ಆಗುತ್ತೆ ಚಿಕ್ಕಮ್ಮಾ."

"ಖಾಯಂ ಮನೆ ಹಾಳಾಗ. ನಾನು ಬೇಡ ಅಂದಿದೀನಿ. ಬೇಕಾದ್ರೆ ಕಾರಣ ಹೇಳ್ತೀನಿ, ಕೇಳು. ಕೊನೇಲಿ ಅವನು—"

ಅವಳು ಹಿಟ್ಟು ಮೆತ್ತಿದ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. "ಹೇಳ್ಬೇಡ! ಹೇಳಿದ್ರೆ ನಾನು ಈ ಮನೇಲಿರಲ್ಲ. ರಂಗನಾಯಕಿಯಮ್ಮನ ಗತಿ ಮರೆತ್ಯಾ? ನಿನಗೂ ಅದೇ ಆಗ್ಬೇಕಾ?"

ಕೂದಲಿಗೆಲ್ಲ ಹಿಟ್ಟು ಅಂಟಿಕೊಂಡಿತ್ತು. ನಾನು ಸುಮ್ಮನಾದೆ. ಅದೊಂದು ಹನ್ನೊಂದು ವರ್ಷದ ಅಭ್ಯಾಸ. ಅವತ್ತು ಯಾರಾದರೂ ಅದನ್ನು ಹೇಡಿತನ ಎಂದು ಕರೆದಿದ್ದರೂ ನಾನು ಒಪ್ಪುತ್ತಿರಲಿಲ್ಲ, ಜವಾಬ್ದಾರಿ ಎನ್ನುತ್ತಿದ್ದೆ.

ಮರುದಿನ ಮೈದಾನಕ್ಕೆ ಹೋಗಬಾರದೆಂದು ಅಂಗಡಿಯಲ್ಲಿ ಕೂತಿದ್ದೆ. ಆದರೆ ಬಸ್‌ಸ್ಟ್ಯಾಂಡಿನ ಕಂಬದ ಮೇಲಿನ ಲೌಡ್‌ಸ್ಪೀಕರ್ ಬಿಡಬೇಕಲ್ಲ. ಷಡಕ್ಷರಪ್ಪ ಕ್ರಿಕೆಟ್ ಕಾಮೆಂಟರಿ ಕೊಟ್ಟಂತೆ ಹೇಳುತ್ತಿದ್ದ: ಮುನ್ನೂರನೇ ಪುಟ, ಎಲ್ಲರೂ ಚೆನ್ನಾಗಿ ಓದುತ್ತಿದ್ದಾರೆ. ಐನೂರನೇ ಪುಟ, ಮಜ್ಜಿಗೆ ಬರುತ್ತಿದೆ. ಮಧ್ಯಾಹ್ನ ಮೂರೂವರೆಗೆ, ಮುಂದಿನ ಸಾಲಿನವರು ಏಳುನೂರೈವತ್ತು ದಾಟಿದರು ಎಂದ. ನನ್ನ ಕೈಯಲ್ಲಿ ಯಾರದ್ದೋ ಆಧಾರ್ ಕಾರ್ಡಿನ ಜೆರಾಕ್ಸ್ ಇತ್ತು. ಅದನ್ನು ಹಾಗೇ ಬಿಟ್ಟು ಓಡಿದೆ. ನನಗೆ ಐವತ್ಮೂರು, ಮಂಡಿ ನೋವು ಬೇರೆ. ಜೀವಮಾನದಲ್ಲಿ ಒಂದು ದಿನವೂ ಹಾರದ ಹೆಂಗಸು ನಾನು. ಆದರೂ ಅವತ್ತು ಬಸ್‌ಸ್ಟ್ಯಾಂಡಿನಿಂದ ಮೈದಾನಕ್ಕೆ ಹೇಗೆ ಬಂದೆನೋ ನನಗೇ ತಿಳಿಯದು.

ಶಾಮಿಯಾನದ ಕೆಳಗೆ ಇನ್ನೂರು ಜನ ತಲೆ ತಗ್ಗಿಸಿಕೊಂಡು ಕೂತಿದ್ದರು. ಇನ್ನೂರು ಹೆಬ್ಬೆರಳು ಪುಟ ಸರಿಸುತ್ತಿದ್ದವು. ದರ್ಜಿ ಲೋಕೇಶ, ಬೇಕರಿ ಪಂಚಾಕ್ಷರಿ, ಹೂ ಕಟ್ಟುವ ಮೂವರು ಅಕ್ಕತಂಗಿಯರು, ಎಲ್ಲರೂ ಕೈಕೆಲಸದಿಂದ ಅನ್ನ ತಿನ್ನುವವರೇ. ನಾನು ವೇದಿಕೆ ಹತ್ತಿ ಷಡಕ್ಷರಪ್ಪನ ಕೈಯಿಂದ ಮೈಕು ಕಿತ್ತುಕೊಂಡೆ.

"ಅಣೆಕಟ್ಟು ಒಡೆಯುತ್ತೆ! ಗರುಡಬಾಹುವಿನ ಎರಡೂ ತೋಳು ಹೋಗುತ್ತೆ! ಎರಡೂ ತೋಳು! ಕೇಳಿಸ್ತೇನ್ರೋ? ಊರು ಉಳಿಯುತ್ತೆ, ಅವನ ಕೈ ಉಳಿಯಲ್ಲ!"

ಕಿವಿ ಮುಚ್ಚಿಕೊಳ್ಳಲು ಯಾರಿಗೂ ಹೊತ್ತು ಸಿಗಲಿಲ್ಲ. ಮೈದಾನದ ನಾಲ್ಕು ಕಂಬದ ಲೌಡ್‌ಸ್ಪೀಕರ್ ನಾಲ್ಕು ಸಲ ಕೂಗಿತು. ಜನ ತಲೆಯೆತ್ತಿ ನನ್ನನ್ನು ನೋಡಿದರು. ನಿಜ ಹೇಳುತ್ತೇನೆ, ಆಗ ನಾನು ಕಾದದ್ದು ಒಂದು ಕೃತಜ್ಞತೆಯ ಮಾತಿಗೆ. ಯಾರಾದರೊಬ್ಬರು ತಮ್ಮ ಕೈ ನೋಡಿಕೊಳ್ಳುತ್ತಾರೆ, ಅಬ್ಬಾ ಅನ್ನುತ್ತಾರೆ ಎಂದುಕೊಂಡಿದ್ದೆ.

"ಬೆಳಿಗ್ಗೆಯಿಂದ ಓದಿದ್ದೀವಿ ಕಣಕ್ಕಾ," ಎಂದ ಲೋಕೇಶ. ಅಳುವುದೊಂದು ಬಾಕಿ. "ಎಲ್ಲಾ ಹಾಳು ಮಾಡಿದ್ರಲ್ಲಾ."

"ತೊಂಬತ್ತೆರಡು ಪರ್ಸೆಂಟ್ ಆಫ್ ಇತ್ತು," ಎಂದಳು ಹೂವಿನವರಲ್ಲಿ ಹಿರಿಯಳು.

"ಕೈ ಹೋದ್ರೇನಂತೆ, ಆರು ತಿಂಗಳು ಹಾರ್ತಿದ್ವಲ್ಲ," ಎಂದ ಪಂಚಾಕ್ಷರಿ. ಆರು ತಿಂಗಳು ಗಳುವಿನ ತುದಿಯ ಅನ್ನ ತಿಂದ ಪಂಚಾಕ್ಷರಿ!

ನಾನು ಬಾಯಿ ತೆರೆಯುವಷ್ಟರಲ್ಲಿ ಷಡಕ್ಷರಪ್ಪ ಇನ್ನೊಂದು ಮೈಕು ಹಿಡಿದು ಶುರು ಮಾಡಿದ. ಮುಖ ಕೆಂಪಾಗಿತ್ತು, ದನಿ ಮಾತ್ರ ಬೆಣ್ಣೆ. "ಆಗಿದ್ದಾಯ್ತು. ಯಾರೂ ಗಾಬರಿ ಆಗ್ಬೇಡಿ. ಸೇಲ್ ಇನ್ನೂ ಸಂಜೆವರೆಗಿದೆ. ಅಕ್ಕಾನೇ 'ತಗೋ' ಅಂದಿರೋ ಹಾರೋ ಸಂಪುಟ ಇನ್ನೊಂದಿದೆ. ಮಂದಾಕಿನಿ ಅದನ್ನೇ ಓದ್ಲಿ. ನಾಳೆ ಬೆಳಿಗ್ಗೆಯಿಂದ ಎಂದಿನಂತೆ ದಾಟಿಸ್ತಾಳೆ. ನಮ್ಮೂರಿಗೆ ಅವಳೇ ಸೇತುವೆ."

ಜನ ಚಪ್ಪಾಳೆ ತಟ್ಟಿದರು. ಈಗ ತಾನೇ ಉಳಿದ ನಾನೂರು ಕೈಗಳಿಂದ ಚಪ್ಪಾಳೆ ತಟ್ಟಿದರು. ನನಗೆ ಆ ಸದ್ದು ಕೇಳಿ ತಲೆಯೊಳಗೆ ಏನೋ ಕಡಿದು ಬಿತ್ತು.

"ಸೇತುವೆಯಂತೆ!" ಎಂದು ಕೂಗಿದೆ. "ಆ ಹುಡುಗಿಯ ಬೆನ್ನು ಸೇತುವೇನಾ? ಕಮಾನು ಕಟ್ಟಿಸಿಕೊಂಡು ಹಲ್ಲು ಕಿರೀತಾ ನಿಂತಿದೀಯಲ್ಲ, ನಾಚಿಕೆ ಇಲ್ವಾ ನಿನಗೆ? ನಿಮಗಾದ್ರೂ ಬೇಡ್ವೇನ್ರೋ ನಾಚಿಕೆ? ಕೇಳಿ. ನಾನು 'ತಗೋ' ಅಂದಿದ್ದು ಮುಗಿಲಕುಮಾರಿ. ಅವಳು ಕೊನೆಗೆ ಮೋಡದ ಊರಿನ ರಾಣಿಯಾಗಲ್ಲ ಅಂತಾಳೆ, ಅಮ್ಮನ ಮನೆಗೆ ವಾಪಸು ಬರ್ತಾಳೆ. ಮುಗೀತು. ಮಂಜುಸಿರ? ಲೋಕೇಶಾ, ನಿನ್ನದೇ, ಕೇಳಿಸ್ಕೋ. ಬೆಂಕಿ ರಾಕ್ಷಸ ಅವನ ಅಣ್ಣನೇ, ಇಬ್ಬರೂ ಒಟ್ಟಿಗೆ ಕಾಫಿ ಕುಡೀತಾರೆ."

"ಅಕ್ಕಾ, ಬೇಡಕ್ಕಾ!" ಎಂದು ಲೋಕೇಶ ಕಿವಿ ಮುಚ್ಚಿಕೊಂಡು ಓಡಿದ. ಎಲ್ಲಿಗೆ ಓಡುತ್ತಾನೆ? ಊರ ತುಂಬ ಕಂಬಗಳಿದ್ದವು.

ಷಡಕ್ಷರಪ್ಪ ಮೈಕ್ ಸೆಟ್ಟಿನ ಕಾಸಿಂ ಸಾಬರ ಕಡೆ ತಿರುಗಿ, ಲೈನ್ ಕಟ್ ಮಾಡು ಎಂದು ಅರಚಿದ. ಕಾಸಿಂ ಸಾಬರು ಜೀವಮಾನದಲ್ಲಿ ಒಂದು ಸಂಪುಟವನ್ನೂ ಕೊಂಡವರಲ್ಲ. ಸೇಲ್‌ನ ಹೊತ್ತಿಗೆ ಅವರಿಗೆ ಎಲ್ಲ ಕಡೆ ಮೈಕಿನ ಕೆಲಸ, ಓದಲು ಪುರುಸೊತ್ತೆಲ್ಲಿ? ಅವರು ಆಂಪ್ಲಿಫೈಯರ್ ಮೇಲೆ ಕೈ ಇಟ್ಟುಕೊಂಡು, ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. "ಒಂದು ನಿಮಿಷ ಸಾರ್," ಎಂದರು. "ಅಕ್ಕಾ, ಆ ಅಮ್ಮನ ಮನೆಗೆ ಬಂದ್ಳಲ್ಲ, ಅಮ್ಮ ಬಾಗಿಲು ತೆಗೆದ್ರಾ?"

"ತೆಗೆದ್ಲು ಸಾಬರೇ. ತೆಗೆದು, 'ಊಟ ಆಯ್ತಾ?' ಅಂತಾಳೆ. ಅದೇ ಕೊನೇ ಮಾತು."

"ಹಾಗಾ," ಎಂದು ಅವರು ಕಣ್ಣೊರೆಸಿಕೊಂಡರು. ಲೈನ್ ಕಟ್ ಆಗಲಿಲ್ಲ.

ಮುಕ್ಕಾಲು ಗಂಟೆ ಹೇಳಿದೆ. ಪಟ್ಟಿಯಲ್ಲಿದ್ದ ಅರವತ್ತು ಸಂಪುಟಗಳ ಕೊನೆಯೂ ನನಗೆ ಬಾಯಿಪಾಠ. ಜನ ಕಲ್ಲು ಹೊಡೆದರು, ಪುಳಿಯೋಗರೆಯ ದೊನ್ನೆ ಎಸೆದರು. ಮನೆಯಲ್ಲಿ ಗುಟ್ಟಾಗಿ ಓದುತ್ತಿದ್ದವರು ಬೀದಿಗೆ ಬಂದು ಎದೆ ಬಡಿದುಕೊಂಡರು. ಕೆಟ್ಟ ಸಂಪುಟಗಳ ಜೊತೆ, ನಾನೇ ವರ್ಷಗಟ್ಟಲೆ ಹುಡುಕಿ 'ತಗೋ' ಎಂದಿದ್ದ ಚಿನ್ನದಂಥವೂ ಹೋದವು. ಹೋಗಲಿ ಎಂದೇ ಹೇಳಿದೆ. ಕೋಪದಲ್ಲಿ ಹೇಳಿದೆ, ಸಂತೋಷದಲ್ಲೂ ಹೇಳಿದೆ, ಮುಚ್ಚಿಡುವುದೇನು. ಹನ್ನೊಂದು ವರ್ಷ ಗಂಟಲಲ್ಲಿ ಕಟ್ಟಿಕೊಂಡಿದ್ದು ಒಂದೇ ಸಲ ಇಳಿದುಹೋಯಿತು. ಗುಂಪಿನ ಹಿಂದೆ ಜಯದೇವ ಮೇಷ್ಟ್ರು ಸ್ಲೇಟು ಎತ್ತಿ ಹಿಡಿದಿದ್ದರು. ಅದರಲ್ಲಿ 'ಅವತ್ತು?' ಎಂದು ಬರೆದಿತ್ತು. ನಾನು ಆ ಕಡೆ ನೋಡದೆ ಮುಂದಿನ ಕೊನೆಗೆ ಹೋದೆ.

ಮಂದಾಕಿನಿ ಮಾತ್ರ ಕುರ್ಚಿಯಿಂದ ಏಳಲಿಲ್ಲ. ಕಿವಿಯನ್ನೂ ಮುಚ್ಚಿಕೊಳ್ಳಲಿಲ್ಲ. ಮೊಬೈಲನ್ನು ತೊಡೆಯ ಮೇಲೆ ಬೋರಲು ಹಾಕಿ ಕೂತಿದ್ದಳು.

ಅಲ್ಲಿಂದ ಆರು ತಿಂಗಳು ನಮ್ಮೂರು ಬರೀ ಕೈ ಬರೀ ಕಾಲಿನ ಊರಾಯಿತು. ನನ್ನ ಅಂಗಡಿಗೆ ಯಾರೂ ಬರಲಿಲ್ಲ, ಜೆರಾಕ್ಸ್ ಬೇಕಾದವರು ಕೈಯಲ್ಲೇ ನಕಲು ಬರೆದುಕೊಂಡರು. ಹಾಲಿನವನು ನಮ್ಮ ಗೇಟು ಮರೆತ. ಹಳೆಯ ದೋಣಿ ದಿನಾ ನೀರಿಗಿಳಿಯಿತು. ಅಂಬಿಗನೆಂದು ಒಬ್ಬನೂ ಇರಲಿಲ್ಲ, ಹಾಗಾಗಿ ದಾಟಬೇಕಾದವರೇ ಹುಟ್ಟು ಹಾಕಬೇಕು. ಮಂದಾಕಿನಿ ಹತ್ತು ನಿಮಿಷದಲ್ಲಿ ದಾಟಿಸುತ್ತಿದ್ದ ಹೊಳೆಗೆ ಒಂದೂವರೆ ಗಂಟೆ ಬೇಕಾಯಿತು. ನೀರು ಹೆಚ್ಚಾದ ದಿನ ಮುಕ್ಕಾಲು ದಾರಿ ಹೋಗಿ ತಿರುಗಿ ಬಂದದ್ದೂ ಇದೆ. ಬ್ಲಡ್ ಪ್ರೆಶರ್ ಮಾತ್ರೆಗೆಂದು ಹೊರಟ ಷಡಕ್ಷರಪ್ಪನೂ ಪಂಚೆ ಎತ್ತಿ ಕಟ್ಟಿ ದೋಣಿ ಹತ್ತಬೇಕಾಯಿತು. ಅವತ್ತು ದೋಣಿಯಲ್ಲಿದ್ದ ಹೆಂಗಸರು ಅವನ ಕೈಗೆ ಹುಟ್ಟು ಕೊಟ್ಟು, ಆಚೆ ದಡದವರೆಗೂ ವಾಪಸು ತೆಗೆದುಕೊಳ್ಳಲಿಲ್ಲವಂತೆ. ಮರುವಾರ ಅದೇ ಹೆಂಗಸರು ಒದ್ದೆ ಸೀರೆಯಲ್ಲೇ ಪುರಸಭೆಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಮೊದಲ ದಿನ ಎಂಟು ಜನ, ಹತ್ತನೇ ದಿನ ಮುನ್ನೂರು. ಓದಿಕೊಳ್ಳಿ ಎನ್ನಲು ಷಡಕ್ಷರಪ್ಪನಿಗೆ ಬಾಯಿ ಬರಲಿಲ್ಲ. ನಾನೂ ಹೋದೆ. ಯಾರೂ ಜಾಗ ಬಿಡಲಿಲ್ಲ, ನಿಂತೇ ಇದ್ದೆ. ಐದನೇ ತಿಂಗಳಲ್ಲಿ ಇಬ್ಬರು ಸರ್ವೆಯವರು ಬಂದು ದಡದಲ್ಲಿ ಮೂರುಕಾಲಿನ ದುರ್ಬೀನು ನೆಟ್ಟರು.

ನಾನು ವಾರಕ್ಕೆ ಮೂರು ದಿನ ದೋಣಿಗೆ ಹೋಗುತ್ತಿದ್ದೆ. ದೊರೆಸ್ವಾಮಿಯ ಮೂರು ದಿನ. ಅವನ ಡಯಾಲಿಸಿಸ್ ತಪ್ಪಿದರೆ ಆ ಸಾವು ನನ್ನ ತಲೆಯ ಮೇಲೆಯೇ, ಅದರಲ್ಲಿ ಎರಡು ಮಾತಿಲ್ಲ. ಒಂದು ಹುಟ್ಟು ನನಗೆ, ಇನ್ನೊಂದು ಮಂದಾಕಿನಿಗೆ. ಮೈದಾನದ ಆ ದಿನದಿಂದ ಅವಳು ನನ್ನ ಜೊತೆ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚಾಗಿ ಆಡಿರಲಿಲ್ಲ. ಖಾಯಂ ಕೆಲಸ ತಪ್ಪಿತೆಂಬ ಸಿಟ್ಟು ಎಂದುಕೊಂಡಿದ್ದೆ. ಒಂದು ಬೆಳಿಗ್ಗೆ ನಡುಹೊಳೆಯಲ್ಲಿ ನನಗೆ ತಡೆಯಲಾಗಲಿಲ್ಲ. ಅಂಗೈ ಬೊಬ್ಬೆಯೊಡೆದು ಉರಿಯುತ್ತಿತ್ತು.

"ನಿನ್ನ ಎರಡು ಕೈ ಉಳಿಸಿದ್ದಕ್ಕೆ ಆರು ತಿಂಗಳಿಂದ ಮುಖ ಊದಿಸ್ಕೊಂಡಿದೀಯಲ್ಲೇ. ಅಷ್ಟು ಬೇಕಿತ್ತಾ ಆ ಖಾಯಂ?"

ಅವಳು ಹುಟ್ಟು ಎಳೆಯುವುದನ್ನು ನಿಲ್ಲಿಸಲಿಲ್ಲ. "ನನ್ನ ಕೈ ನೀನು ಉಳಿಸಲಿಲ್ಲ ಚಿಕ್ಕಮ್ಮಾ. ನಂಗೆ ಮೊದಲೇ ಗೊತ್ತಿತ್ತು."

"ಏನು ಗೊತ್ತಿತ್ತು?"

"ಕೊನೆ. ಸೇಲ್‌ಗೆ ಒಂದು ವಾರ ಮುಂಚೆ, ನೀನು ಸ್ನಾನಕ್ಕೆ ಹೋದಾಗ ಟ್ಯಾಬ್ ತೆಗೆದು ನೋಡಿದ್ದೆ. ಗರುಡಬಾಹುದು ಒಂದೇ ಅಲ್ಲ, ಹಾರೋವು ಎಲ್ಲದ್ದೂ ನೋಡಿದ್ದೆ. ನಾನು ಏನು ಓದಿದ್ರೂ ಬರ್ಬಾರದು ಅಂತ. ಎಂಟುನೂರು ಪುಟ ಓದಿ ಏಳೋದು, ಏನೂ ಬರಲ್ಲ, ಇವಳಿಗಿನ್ನು ಹತ್ತಲ್ಲ ಅಂತ ಅವರೇ ಬಿಟ್ಟುಬಿಡ್ತಾರೆ ಅಂದ್ಕೊಂಡಿದ್ದೆ. ಸಾಕಾಗಿತ್ತು ನಂಗೆ. ಯಾರಿಗೂ ಹೇಳದೆ ಬಿಡಬೇಕು ಅಂತಿದ್ದೆ."

ನನಗೆ ಒಂದು ಕ್ಷಣ ಹೊಳೆಯ ಸದ್ದೇ ಕೇಳಲಿಲ್ಲ. ಆಮೇಲೆ ಉರಿ ಪಾದದಿಂದ ನೆತ್ತಿಗೆ ಹತ್ತಿತು.

"ಇನ್ನೂರು ಜನ ನಿನ್ನ ಹಿಂದೇನೇ ಕೂತಿದ್ರಲ್ಲೇ! ಲೋಕೇಶ ದರ್ಜಿ ಕಣೇ, ಕೈಯಿಂದ ಹೊಟ್ಟೆ ಹೊರೆಯೋನು! ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತಿದ್ಯಾ? ನೀನು ಮನುಷ್ಯಳೇನೇ?"

ಅವಳು ತಿರುಗಿ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಅಷ್ಟು ಸಿಟ್ಟನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅದು ನನ್ನದೇ ಸಿಟ್ಟಿನ ಹಾಗಿತ್ತು.

"ನಾನು ಒಂದು ವಾರ ಬಾಯಿ ಮುಚ್ಚಿಕೊಂಡಿದ್ದೆ. ನೀನು ಹನ್ನೊಂದು ವರ್ಷ. ಮೇಷ್ಟ್ರು ಯಾಕೆ ಅಂತ ಕೇಳಿದಾಗ ನೀನು ಯಾತಕ್ಕೋಸ್ಕರ ಬಾಯಿ ಬಿಡಲಿಲ್ಲ ಚಿಕ್ಕಮ್ಮಾ? ಮುಂದಿನ ಸಾಲಿನ ಕುರ್ಚಿಗಾ, ಕಾಫಿಗಾ?"

ಹೊಡೆಯಬೇಕೆಂದು ಕೈ ಎತ್ತಲು ಹೋದೆ. ಎರಡೂ ಕೈ ಹುಟ್ಟಿನ ಮೇಲಿದ್ದವು. ಬಿಟ್ಟರೆ ದೋಣಿ ತಿರುಗುತ್ತದೆ. ಬಿಡದೆ ಹಾಗೇ ಕೂತೆ. ಮೇಷ್ಟ್ರು ನನ್ನ ಬಾಗಿಲಲ್ಲಿ ಕೇಳಿದ ಆ 'ಯಾಕಮ್ಮಾ' ಅವರು ಈ ಲೋಕದಲ್ಲಿ ಆಡಿದ ಕೊನೆಯ ಮಾತುಗಳಲ್ಲೊಂದು ಎಂಬುದು ನನಗೆ ಆಗಲೇ ಹೊಳೆದದ್ದು. ಒಂದೇ ಒಂದು ಸಾಲು ಹೇಳಿದ್ದರೆ ಸಾಕಾಗಿತ್ತು. ದೋಣಿ ಹರಿವಿನ ಜೊತೆ ಕೆಳಕ್ಕೆ ಜಾರತೊಡಗಿತು, ನಾವಿಬ್ಬರೂ ಒಬ್ಬರನ್ನೊಬ್ಬರು ನುಂಗುವಂತೆ ನೋಡುತ್ತ ಕೂತಿದ್ದೆವು.

ನಡುವೆ ಕಂಬಳಿ ಹೊದ್ದು ಮಲಗಿದ್ದ ದೊರೆಸ್ವಾಮಿ ಮುಖ ಹೊರಗೆ ಹಾಕಿದ.

"ಜಗಳ ಆಮೇಲಾಡ್ರಮ್ಮಾ," ಎಂದ. "ನನ್ನ ಮಷೀನಿಗೆ ಟೈಮಾಯ್ತು."

ಇಬ್ಬರೂ ಹುಟ್ಟು ಹಾಕಿದೆವು.